ಕಂಡೂ ಕಾಣದ ಹುಳ

ಹೋದ ತಿಂಗಳು ನಮ್ಮ ಹಳೆಯ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರು ನನ್ನನ್ನು ಹುಡುಕಿಕೊಂಡು ಕೊಪ್ಪಳದ ಮನೆಗೆ ಬಂದರು. ರಾಣಿಜೇನು ತಯಾರಿಸುವ ಕೆಲಸ ಅವರ ಪಾಲಿಗೆ ಬಂದಿದೆಯಂತೆ. ಪುಸ್ತಕ ಓದಿದ್ದಾರೆ, ಮೊಬೈಲಿನಲ್ಲಿ ಹತ್ತಾರು ಸಲ ನೋಡಿದ್ದಾರೆ, ಆದರೂ ಕೈ ಕೂಡುತ್ತಿಲ್ಲ. "ನಿಮಗ ಗೊತ್ತಿದ್ದದ್ದು ಒಂದಿಷ್ಟು ಬರದು ಕೊಡ್ರಿ ಸರ್" ಎಂದರು. ಬರೆಯುವುದೇನು ಮಹಾ, ನಾಲ್ಕು ಹಾಳೆಯ ಮಾತು ಎಂದು ಒಪ್ಪಿಕೊಂಡೆ. ಕೂತ ಮೇಲೆ ತಿಳಿಯಿತು, ನನಗೆ ಗೊತ್ತಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ತಪ್ಪುಗಳೇ.

ಬಡ್ತಿ ಸಿಕ್ಕಿದ್ದು, ವರ್ಗವಾದದ್ದು ಇವೆಲ್ಲ ಬಿಡಿ. ಅವು ಸೇವಾಪುಸ್ತಕದಲ್ಲಿವೆ, ಅಲ್ಲಿಯೇ ಹಾಯಾಗಿ ಮಲಗಿರಲಿ. ನಾನು ಬರೆಯಬೇಕಾದದ್ದು ಎಳ್ಳಿನ ಸೀಳಿನಷ್ಟು ದೊಡ್ಡ ಒಂದು ಹುಳುವಿನ ವಿಷಯ. ಅದನ್ನು ಎತ್ತಲು ಕಲಿತದ್ದು ಹೇಗೆ, ಎತ್ತಬಾರದ್ದನ್ನು ಎತ್ತಿದ್ದು ಹೇಗೆ ಎಂಬುದು.

ನನ್ನ ಹೆಸರು ಶರಣಪ್ಪ. ಮೊದಲ ಇಪ್ಪತ್ತು ವರ್ಷ ಸಸ್ಯಕ್ಷೇತ್ರದಲ್ಲಿ ಮಾವಿನ ಕಸಿ, ದಾಳಿಂಬೆಯ ಟೊಂಗೆಗೆ ಬೇರು ಬರಿಸುವ ಗೂಟಿ ಕಟ್ಟುತ್ತಿದ್ದವನು. ನಾನು ಕಟ್ಟಿದ ಕಸಿ ಒಣಗುವುದು ಅಪರೂಪವಾಗಿತ್ತು, ಆದ್ದರಿಂದ "ಕೈ ಛಲೋ ಐತಿ" ಎಂಬ ಹೆಸರು ಬಂದಿತ್ತು. ಆಗ ಕುಷ್ಟಗಿ, ಯಲಬುರ್ಗಾ ಕಡೆ ಸೂರ್ಯಕಾಂತಿ, ಉಳ್ಳಾಗಡ್ಡಿ ಬೀಜದ ಹೊಲಗಳಿದ್ದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಸಂಘಗಳಿಗೆ ಜೇನುಪೆಟ್ಟಿಗೆ ಕೊಟ್ಟಿದ್ದರು. ಪೆಟ್ಟಿಗೆ ಬಂದವು, ಹುಳ ಬಂದವು, ಆದರೆ ರಾಣಿ ಸತ್ತರೆ ಇನ್ನೊಂದು ರಾಣಿಯನ್ನು ತರಲು ಎಲ್ಲಿಗೆ ಹೋಗಬೇಕೆಂದು ಆ ಹಳ್ಳಿಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೇಲಿನ ಸಾಹೇಬರೊಬ್ಬರು ಕಡತ ನೋಡಿ, "ಕಸಿ ಮಾಡೋ ಕೈ ಅಲ್ಲೇನ್ರಿ ಇವಂದು? ಹುಳಾನೂ ಕಸಿ ಮಾಡಲಿ ಬಿಡ್ರಿ" ಎಂದರು. ಹಾಗೆ ನಲವತ್ತಾರನೆಯ ವಯಸ್ಸಿನಲ್ಲಿ ನಾನು ಗಿಡ ಬಿಟ್ಟು ಹುಳ ಹಿಡಿದೆ.

ಗೊತ್ತಿಲ್ಲದವರಿಗಾಗಿ ಒಂದು ಮಾತು. ರಾಣಿಗೆಂದು ಬೇರೆ ಮೊಟ್ಟೆ ಇರುವುದಿಲ್ಲ. ಕೆಲಸದ ಹುಳ ಆಗುವ ಮೊಟ್ಟೆಯೂ ಅದೇ, ರಾಣಿ ಆಗುವ ಮೊಟ್ಟೆಯೂ ಅದೇ. ಮೊಟ್ಟೆಯೊಡೆದು ಒಂದು ದಿನವೂ ತುಂಬದ ಮರಿಹುಳುವನ್ನು ಎತ್ತಿ, ಕಿರುಬೆರಳಿನ ತುದಿ ಹಿಡಿಸುವಷ್ಟು ಮೇಣದ ಬಟ್ಟಲಿನಲ್ಲಿಟ್ಟು, ಆ ಬಟ್ಟಲನ್ನು ರಾಣಿಯಿಲ್ಲದ ಪೆಟ್ಟಿಗೆಯೊಳಗೆ ಬಾಯಿ ಕೆಳಗಾಗಿ ತೂಗುಬಿಡಬೇಕು. ಅಲ್ಲಿನ ದಾದಿ ಹುಳಗಳು ಅದಕ್ಕೆ ಹಾಲಿನಂಥ ಬಿಳಿಯ ರಸ ಉಣಿಸಿ ರಾಣಿಯನ್ನಾಗಿ ಬೆಳೆಸುತ್ತವೆ. ಹೀಗೆ ಕಸಿ ಮಾಡಿದ ಹನ್ನೆರಡನೆಯ ದಿನ ರಾಣಿ ಹೊರಬರುತ್ತಾಳೆ. ಅದಕ್ಕಿಂತ ಮೊದಲೇ, ಹತ್ತನೆಯ ದಿನ, ಬಟ್ಟಲಿಗೆ ಹುಳಗಳು ಮೇಣ ಎಳೆದು ಕಟ್ಟಿದ ಒಂದೊಂದು ರಾಣಿಗೂಡನ್ನು ಒಂದೊಂದು ಪೆಟ್ಟಿಗೆಗೆ ಹಂಚಿಬಿಡಬೇಕು. ಏಕೆಂದರೆ ಮೊದಲು ಹೊರಬಂದವಳು ಸುಮ್ಮನಿರುವುದಿಲ್ಲ. ಇನ್ನೂ ಒಳಗಿರುವ ಅಕ್ಕತಂಗಿಯರ ಗೂಡುಗಳ ಪಕ್ಕ ಕೊರೆದು ಎಲ್ಲರನ್ನೂ ಕೊಂದು ಹಾಕುತ್ತಾಳೆ.

ಇದನ್ನು ನನಗೆ ಕಲಿಸಿದವರು ಗಂಗಾವತಿಯ ಖಾದರ್‌ಸಾಬರು. ಕೆಲಸದಲ್ಲಿ ನನಗಿಂತ ಹಿರಿಯರು, ಆ ಕೆಲಸದ ಮಟ್ಟಿಗೆ ನನ್ನ ಮೇಲಧಿಕಾರಿ. ಹಳೆಯ ಅಕ್ಕಿ ಗಿರಣಿಯ ಹಿಂದೆ ಬೇವಿನ ಮರದ ಕೆಳಗೆ ಅವರ ಪೆಟ್ಟಿಗೆಗಳು ಸಾಲಾಗಿದ್ದವು. ಗಿರಣಿ ದಿನವಿಡೀ ಗುಂ ಎನ್ನುತ್ತಿತ್ತು, ಪೆಟ್ಟಿಗೆಗಳೂ ಗುಂ ಎನ್ನುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಯಾವುದು ಗಿರಣಿಯ ಸದ್ದು, ಯಾವುದು ಹುಳದ ಸದ್ದು ಎಂದು ಬೇರೆ ಮಾಡಲಾಗದೆ ಕಣ್ಣು ತೂಗುತ್ತಿತ್ತು. ಗಾಳಿಯಲ್ಲಿ ತೌಡಿನ ವಾಸನೆ, ಮೇಣದ ವಾಸನೆ, ಬೇವಿನ ಹೂವಿನ ವಾಸನೆ. ಅಲ್ಲಿ ಕೂತರೆ ನನಗೆ ನಾನು ಎಲ್ಲಿದ್ದೇನೆ, ಯಾವ ಊರಿನವನು ಎಂಬುದೇ ಮರೆತುಹೋಗುತ್ತಿತ್ತು.

"ಎಲ್ಲಿ ಹೋಗ್ಯಾನ ಇವ? ಕುಂತಲ್ಲೇ ಊರು ದಾಟ್ಯಾನ ನೋಡು" ಎಂದು ಖಾದರ್‌ಸಾಬರು ಹೊಗೆಡಬ್ಬಿಯಿಂದ ನನ್ನ ಮುಖಕ್ಕೇ ಒಂದು ಊದು ಹೊಗೆ ಬಿಡುತ್ತಿದ್ದರು.

ಹುಳು ಎತ್ತಲು ಅವರ ಕೈಯಲ್ಲಿದ್ದದ್ದು ಹುಂಜದ ಗರಿಯ ತುದಿಯನ್ನು ಬ್ಲೇಡಿನಿಂದ ಕೆತ್ತಿ ಮಾಡಿದ ಚಿಕ್ಕ ಚಮಚ. ಈಗ ನೀವು ಬಳಸುವ ಒತ್ತುಗುಂಡಿಯ ಕಡ್ಡಿ ಆಗ ನಮ್ಮ ಕಡೆ ಬಂದಿರಲಿಲ್ಲ. ಬಟ್ಟಲುಗಳೂ ಪ್ಲಾಸ್ಟಿಕ್ಕಿನವಲ್ಲ. ನೀರಿನಲ್ಲಿ ನೆನೆಸಿದ ಕಟ್ಟಿಗೆಯ ಗೂಟವನ್ನು ಕರಗಿದ ಮೇಣದಲ್ಲಿ ಎರಡು ಮೂರು ಸಲ ಅದ್ದಿ, ತಣ್ಣೀರಿಗೆ ಹಿಡಿದು, ಮೆಲ್ಲಗೆ ತಿರುವಿ ಕಳಚಬೇಕು. ಮೊದಲ ವಾರವೆಲ್ಲ ನಾನು ಬಟ್ಟಲನ್ನೇ ಮಾಡಿದೆ. ಸೀಳಿದವುಗಳನ್ನು ಮತ್ತೆ ಕರಗಿಸಿದೆ.

ಎರಡನೆಯ ವಾರ ಅವರು ಮರಿಹುಳು ತುಂಬಿದ ಜೇನಿನ ಎರಿಯೊಂದನ್ನು ನನ್ನ ತೊಡೆಯ ಮೇಲಿಟ್ಟರು. "ಬೆಳಕು ಎಡಭುಜದ ಮ್ಯಾಲಿಂದ ಬರಬೇಕು. ಹುಳದ ಬೆನ್ನ ಕಡಿಂದ ಗರಿ ಹಾಕು, ಹಾಲಿನ ಸಮೇತ ಎತ್ತು. ಯಾವ ಮಗ್ಗಲಾ ಮಲಗಿರತೈತೋ ಅದೇ ಮಗ್ಗಲಾ ಇಳಿಸು. ಮಗ್ಗಲಾ ಬದಲಾತು ಅಂದ್ರ ಉಸಿರು ಕಟ್ಟಿ ಸಾಯತೈತಿ." ಆಮೇಲೆ ಒಂದು ಮಾತು ಹೇಳಿದರು. ಈ ನಾಲ್ಕು ಹಾಳೆಯಲ್ಲಿ ನೀವು ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಡಿ. "ಕಣ್ಣಿಗೆ ಚಂದ ಕಾಣೋ ಹುಳ ಎತ್ತಬ್ಯಾಡ ಶರಣಪ್ಪ. ಅದು ಆಗಲೇ ಬೆಳದೈತಿ. ಕಂಡೂ ಕಾಣದ್ಹಂಗ ಇರತೈತಲ್ಲ, ಅದನ್ನ ಎತ್ತು."

ನಾನು ಎರಿಯ ಮೇಲೆ ಬಗ್ಗಿದೆ. ಸಾಲು ಸಾಲು ಮೇಣದ ಕಣ್ಣುಗಳು, ಒಳಗೆ ಕತ್ತಲು. ಅಲ್ಲಲ್ಲಿ ಸ್ವಲ್ಪ ಹೊಳಪು. ಹುಳು ಎಲ್ಲಿದೆಯೆಂದು ನನಗೆ ತಿಳಿಯಲಿಲ್ಲ.

"ಕಾಣತೈತೇನು?" ಎಂದರು.

"ಕಾಣತೈತ್ರಿ" ಎಂದೆ.

ಅದು ಸುಳ್ಳು. ಅದಕ್ಕೂ ಎರಡು ವರ್ಷ ಮೊದಲಿನಿಂದಲೇ ನನಗೆ ಹತ್ತಿರದ್ದು ಮಸುಕಾಗುತ್ತಿತ್ತು. ಮಾವಿನ ಕಸಿಯನ್ನು ಬೆರಳೇ ಮಾಡುತ್ತಿತ್ತು, ಕಣ್ಣು ಬೇಕಾಗಿರಲಿಲ್ಲ. ಸಸ್ಯಕ್ಷೇತ್ರದಲ್ಲಿ ಒಬ್ಬ ಹಿರಿಯ ಕಣ್ಣು ಮಂದವಾಯಿತೆಂದು ಹೇಳಿ ಗೇಟು ಕಾಯುವ ಕೆಲಸಕ್ಕೆ ಬಿದ್ದದ್ದನ್ನು ನೋಡಿದ್ದೆ. ನನಗೂ ಹಾಗಾದೀತೆಂಬ ಹೆದರಿಕೆ. ಅದಕ್ಕಿಂತ ಹೆಚ್ಚಾಗಿ, ಆ ಬೇವಿನ ನೆರಳನ್ನು, ಆ ಸದ್ದನ್ನು ಬಿಟ್ಟು ಹೋಗಲು ನನಗೆ ಮನಸ್ಸಿರಲಿಲ್ಲ. ಹುಳಗಳ ಮೇಲೆ ನನಗೆ ಆಗಲೇ ಪ್ರೀತಿ ಹುಟ್ಟಿತ್ತು.

ಹೀಗೆ ನಾನು ಅರ್ಧ ಕಣ್ಣಿನಿಂದ, ಅರ್ಧ ಊಹೆಯಿಂದ ಕಸಿ ಕಲಿತೆ. ಬೆಳಕು ಚೆನ್ನಾಗಿದ್ದ ದಿನ ನಾಲ್ಕಾರು ಹುಳು ಹತ್ತುತ್ತಿದ್ದವು, ಎಂದರೆ ದಾದಿ ಹುಳಗಳು ಅವನ್ನು ಒಪ್ಪಿಕೊಂಡು ಸಾಕುತ್ತಿದ್ದವು. ಹತ್ತದಿದ್ದ ದಿನ ಗರಿ ಸರಿಯಿಲ್ಲ, ಮೋಡ ಅಡ್ಡ ಬಂತು, ಗಾಳಿಗೆ ಹಾಲು ಒಣಗಿತು ಎನ್ನುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ.

ನೀಲಮ್ಮಕ್ಕನ ಪರಿಚಯವಾದದ್ದು ಒಂದು ಬಸ್ಸಿನ ಪ್ರಯಾಣದ ಕೊನೆಗೆ. ಖಾದರ್‌ಸಾಬರು ತಯಾರಿಸಿದ ಎಂಟು ರಾಣಿಗೂಡುಗಳನ್ನು ಗಂಗಾವತಿಯಿಂದ ಕುಷ್ಟಗಿಯ ಕಡೆಯ ಒಂದು ಹಳ್ಳಿಗೆ ಮುಟ್ಟಿಸಬೇಕಿತ್ತು. ರಾಣಿಗೂಡು ಶೇಂಗಾಕಾಯಿಯ ಹಾಗೆ ಇರುತ್ತದೆ, ಅಷ್ಟೇ ಉದ್ದ, ಅಂಥದೇ ಉಬ್ಬುತಗ್ಗು. ಅದು ಅಲುಗಬಾರದು, ತಣ್ಣಗಾಗಬಾರದು, ಮಲಗಬಾರದು. ನಾನು ಅವುಗಳನ್ನು ಊಟದ ಡಬ್ಬಿಯಲ್ಲಿ ಹತ್ತಿಯ ನಡುವೆ ನಿಲ್ಲಿಸಿ, ಡಬ್ಬಿಯನ್ನು ಎದೆಗವಚಿಕೊಂಡು ಬಸ್ಸು ಹತ್ತಿದೆ. ಹುಲಿಗಿಯಲ್ಲಿ ಅಮ್ಮನ ದರ್ಶನ ಮುಗಿಸಿದ ಮಂದಿ ಹತ್ತಿ ಬಸ್ಸು ತುಂಬಿತು. ನಾನು ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಡಬ್ಬಿ ಹಿಡಿದು ನಿಂತಿದ್ದೆ.

ಕೂತಿದ್ದ ಒಬ್ಬ ಅಜ್ಜಿ ಕೇಳಿದಳು, "ಏನೋ ತಮ್ಮಾ ಅದು, ಕೂಸಿನ್ಹಂಗ ಹಿಡಕೊಂಡೀ?"

"ರಾಣಿ ಅದಾರಬೇ" ಎಂದೆ.

"ಎಷ್ಟ ಮಂದಿ?"

"ಎಂಟು."

ಅಜ್ಜಿ ನಗಲಿಲ್ಲ. ಎದ್ದು ನಿಂತು, "ಹಂಗಾರ ನೀ ಕುಂದರು. ಹೆಣ್ಮಕ್ಕಳನ್ನ ನಿಂದರಿಸಿ ಕರಕೊಂಡು ಹೋಗಬಾರದು" ಎಂದಳು. ನಾನು ಎಷ್ಟು ಬೇಡವೆಂದರೂ ಕೇಳದೆ ಕೂರಿಸಿ, ಸೆರಗಿನ ಗಂಟು ಬಿಚ್ಚಿ ಡಬ್ಬಿಯ ಮುಚ್ಚಳಕ್ಕೆ ಹುಲಿಗೆಮ್ಮನ ಭಂಡಾರ ಹಚ್ಚಿದಳು. ಗಿಣಿಗೇರಾದ ಚಿಮಣಿಗಳು ಕಿಟಕಿಯಲ್ಲಿ ಹಾದುಹೋದವು. ಡಬ್ಬಿಗೆ ಕಿವಿ ಹಚ್ಚಿದರೆ ಒಳಗೆ ಯಾರೋ ಹೊರಳಿದ ಹಾಗೆ ಕೇಳಿಸಿತು. ಕನಸಿನೊಳಗೆ ಪ್ರಯಾಣ ಮಾಡಿದ ಹಾಗಿತ್ತು, ನನ್ನ ಇಡೀ ನೌಕರಿಯಲ್ಲಿ ಅಷ್ಟು ಸುಖದ ಮೂರು ತಾಸು ಮತ್ತೊಂದಿಲ್ಲ.

ಆ ಎಂಟು ರಾಣಿಯರನ್ನು ಇಳಿಸಿಕೊಂಡವರು ನೀಲಮ್ಮಕ್ಕ. ನನಗಿಂತ ಎರಡು ಮೂರು ವರ್ಷಕ್ಕೆ ಹಿರಿಯರು. ಸುತ್ತಲ ಹಳ್ಳಿಗಳ ಹದಿನೈದಿಪ್ಪತ್ತು ಹೆಣ್ಣುಮಕ್ಕಳ ಸಂಘಕ್ಕೆ ಅವರೇ ಮುಂದಾಳು. ಡಬ್ಬಿಯ ಮೇಲಿನ ಭಂಡಾರ ಕಂಡು ಎರಡೂ ಕೈಯಿಂದ ಕಣ್ಣಿಗೊತ್ತಿಕೊಂಡರು. ಸಂಜೆಯೊಳಗೆ ಎಂಟೂ ಪೆಟ್ಟಿಗೆಗಳಿಗೆ ಅರಿಸಿನ ಕುಂಕುಮ ಬಿದ್ದಿತ್ತು. ಅವರ ಪಾಲಿಗೆ ರಾಣಿಯೆಂದರೆ ಮನೆಯ ಹೆಣ್ಣುಮಗಳು. ಪೆಟ್ಟಿಗೆ ತೆರೆಯುವಾಗ "ಏನವ್ವಾ, ಹೆಂಗದೀ?" ಎಂದು ಕೇಳದೆ ಅವರು ಮುಚ್ಚಳ ಎತ್ತಿದ್ದನ್ನು ನಾನು ಕಂಡಿಲ್ಲ. ನಾನು ಹೋದಾಗಲೆಲ್ಲ ಮೊದಲು ಚಹಾ, ಆಮೇಲೆ ಮಾತು.

ಎರಡು ವರ್ಷದ ಮೇಲೆ ಖಾದರ್‌ಸಾಬರು ನಿವೃತ್ತರಾದರು. ರಾಣಿ ತಯಾರಿಸುವ ಕೆಲಸ ನನ್ನೊಬ್ಬನ ತಲೆಗೆ ಬಂತು. ಆ ವರ್ಷ ಸೂರ್ಯಕಾಂತಿ ಹೂಬಿಡುವ ಹೊತ್ತಿಗೆ ಸಂಘದ ಹನ್ನೆರಡು ಪೆಟ್ಟಿಗೆಗಳಲ್ಲಿ ರಾಣಿ ಇರಲಿಲ್ಲ. ರಾಣಿ ಇಲ್ಲದ ಪೆಟ್ಟಿಗೆ ಮೂರು ನಾಲ್ಕು ವಾರ ತಡೆಯುತ್ತದೆ, ಆಮೇಲೆ ಮುದಿ ಹುಳಗಳು ಒಂದೊಂದಾಗಿ ಸತ್ತು ಪೆಟ್ಟಿಗೆ ಬರಿದಾಗುತ್ತದೆ. ನೀಲಮ್ಮಕ್ಕನ ಹೊಲದಲ್ಲಿದ್ದ ಬಲವಾದ ಪೆಟ್ಟಿಗೆಯ ರಾಣಿಯನ್ನು ತೆಗೆದು, ಅದನ್ನೇ ಬಟ್ಟಲಿನ ಮರಿ ಬೆಳೆಸುವ ಸಾಕುಪೆಟ್ಟಿಗೆ ಮಾಡಿಕೊಂಡು, ಅಲ್ಲಿಯೇ ಕಸಿ ಮಾಡಿ, ಅಲ್ಲಿಂದಲೇ ಹನ್ನೆರಡು ಮನೆಗೆ ಹಂಚುವುದೆಂದು ನಿರ್ಧಾರವಾಯಿತು.

ಮಂಗಳವಾರ ಬೆಳಿಗ್ಗೆ ಅವರ ಪಡಸಾಲೆಯಲ್ಲಿ ಎರಿ ಹಿಡಿದು ಕೂತೆ. ಆಚೆ ಹಳದಿ ಹೊಲ ಬಿಸಿಲಿಗೆ ನಡುಗುತ್ತಿತ್ತು. ಒದ್ದೆ ಬಟ್ಟೆ ಹಾಸಿ, ಹದಿನಾರು ಬಟ್ಟಲು ಅಂಟಿಸಿದ ಪಟ್ಟಿಯನ್ನು ಮುಂದಿಟ್ಟುಕೊಂಡು ಎತ್ತತೊಡಗಿದೆ. ಮೊದಲ ಹತ್ತು ಹೇಗೋ ಆದವು. ಆಮೇಲೆ ಕಣ್ಣಲ್ಲಿ ನೀರಾಡಿತು, ಎಲ್ಲ ಒಂದೇ ಬಿಳುಪಾಯಿತು. ನೀಲಮ್ಮಕ್ಕ ಪಕ್ಕದಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. "ದೇವರು ನಿಮ್ಮ ಕೈಯಾಗ ಏನ್ ಇಟ್ಟಾನ್ರಿ" ಎಂದರು. ಆ ಮಾತು ಕೇಳಿದ ಮೇಲೆ ಎರಿಯನ್ನು ಕೆಳಗಿಟ್ಟು ಕಣ್ಣು ಒರೆಸಿಕೊಳ್ಳಲು ನಾಚಿಕೆಯಾಯಿತು. ಉಳಿದ ಬಟ್ಟಲುಗಳಿಗೆ ನನಗೆ ಕಾಣಿಸಿದ ಹುಳುಗಳನ್ನೇ ಎತ್ತಿಹಾಕಿದೆ. ಕಾಣಿಸಿದವು ಎಂದರೆ ದೊಡ್ಡವು. ದೊಡ್ಡವು ಎಂದರೆ ಎರಡನೆಯ ದಿನದವು. ನನಗೆ ಅದು ಗೊತ್ತಿತ್ತು, ಗೊತ್ತಿಲ್ಲದವನ ಹಾಗೆ ಇದ್ದೆ.

ಹದಿನಾರರಲ್ಲಿ ಹದಿನಾಲ್ಕು ಹತ್ತಿದವು. ಹುಳಗಳು ಮೇಣ ಎಳೆದು ಗೂಡು ಇಳಿಬಿಟ್ಟವು. ನೀಲಮ್ಮಕ್ಕ ದಿನಾ ಎಣಿಸುತ್ತಿದ್ದರು. ಮುಂದಿನ ವಾರದ ಶುಕ್ರವಾರಕ್ಕೆ ಹತ್ತು ದಿನ ತುಂಬುತ್ತಿತ್ತು. ಹಂಚಲೆಂದು ನಾನು ಬೆಳಿಗ್ಗೆಯೇ ಡಬ್ಬಿ ಹಿಡಿದು ಹೋದೆ.

ನೀಲಮ್ಮಕ್ಕ ಪೆಟ್ಟಿಗೆಗೆ ಅಡ್ಡ ನಿಂತರು. "ಇವತ್ತು ಬ್ಯಾಡ್ರಿ."

"ಯಾಕ್ರಿ ಅಕ್ಕಾರ?"

"ಶುಕ್ರವಾರ ಅಲ್ಲೇನ್ರಿ? ಶುಕ್ರವಾರ ಯಾರರೆ ಮನಿ ಹೆಣ್ಮಗಳನ್ನ ಹೊರಗ ಕಳಸ್ತಾರೇನು? ನಮ್ಮ ಶಾಂತಾ ಬಂದಾಳ, ಆಕಿನ್ನೂ ನಾಳೆ ಹೋಗು ಅಂತ ತಡದೀನಿ. ಇವರೂ ಒಂದಿನ ಇರಲಿ ಬಿಡ್ರಿ."

ಶಾಂತಾ ಅವರ ಒಬ್ಬಳೇ ಮಗಳು. ಆ ವರ್ಷವಷ್ಟೇ ಮದುವೆಯಾಗಿ ಗಿಣಿಗೇರಾಕ್ಕೆ ಹೋಗಿದ್ದಳು. ಗಂಡ ಅಲ್ಲಿನ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸದವನು. ಅವಳು ಒಳಗಿನಿಂದ ಇಣುಕಿ, "ಅವ್ವ ಒಂದು ಶುಕ್ರವಾರಾನೂ ಬಿಡೂದಿಲ್ರಿ ಮಾಮಾ" ಎಂದು ನಕ್ಕಳು. ಅವಳಿಗೂ ಇನ್ನೊಂದು ದಿನ ತವರಲ್ಲಿ ಸಿಕ್ಕ ಖುಷಿ ಮುಖದ ಮೇಲೇ ಇತ್ತು.

ಖಾದರ್‌ಸಾಬರ ಲೆಕ್ಕದಲ್ಲಿ ಒಂದು ದಿನದ ಸಡಿಲು ಯಾವಾಗಲೂ ಇರುತ್ತಿತ್ತು. ಬಸ್ಸು ಕೈಕೊಟ್ಟೀತು, ಮಳೆ ಬಂದೀತು ಎಂದು. ಹುಳು ಸರಿಯಾದ ವಯಸ್ಸಿನದಾಗಿದ್ದರೆ ರವಿವಾರದವರೆಗೆ ಯಾವ ರಾಣಿಯೂ ಹೊರಬರುವಂತಿರಲಿಲ್ಲ. ಶನಿವಾರ ಹಂಚಿದರೆ ಏನೂ ಕೆಡುತ್ತಿರಲಿಲ್ಲ. ನಾನು ಒಪ್ಪಿದೆ. ಒಪ್ಪಿದ್ದು ತಪ್ಪಲ್ಲ. ಆ ದೊಡ್ಡ ಹುಳುಗಳನ್ನು ನೆನೆಸಿಕೊಳ್ಳದೆ ಒಪ್ಪಿದ್ದು ತಪ್ಪು. ಒಂದು ದಿನ ಹೆಚ್ಚು ಬೆಳೆದ ಹುಳು ಒಂದು ದಿನ ಮೊದಲೇ ರಾಣಿಯಾಗಿ ಹೊರಬರುತ್ತದೆ. ಶಾಂತಾ ಚಹಾ ತಂದಳು, ನಾವು ಮೂವರೂ ಕಟ್ಟೆಯ ಮೇಲೆ ಕೂತು ಹೊಲದ ಹಳದಿಯನ್ನು ನೋಡುತ್ತ ಕುಡಿದೆವು.

ಶನಿವಾರ ಬೆಳಿಗ್ಗೆ ಹನ್ನೆರಡು ಮನೆಯ ಹೆಣ್ಣುಮಕ್ಕಳು ಬಂದಿದ್ದರು. ಕೆಲವರು ಯಲಬುರ್ಗಾದ ಕಡೆಯಿಂದ ಮೊದಲ ಬಸ್ಸಿಗೆ ಹೊರಟು ಬಂದವರು. ನಾನು ಮುಚ್ಚಳ ತೆಗೆದು ಪಟ್ಟಿ ಎತ್ತಿದೆ. ಒಂದು ಗೂಡಿನ ತುದಿ ದುಂಡಗೆ ಕತ್ತರಿಸಿದ ಹಾಗೆ ತೆರೆದಿತ್ತು. ಉಳಿದ ಹದಿಮೂರು ಗೂಡುಗಳ ಪಕ್ಕದಲ್ಲಿ ಒಂದೊಂದು ತೂತು. ಎರಿಯ ಮೇಲೆ ಒಬ್ಬ ರಾಣಿ ಓಡಾಡುತ್ತಿದ್ದಳು. ಕುಳ್ಳಿ, ಹೊತ್ತು ಮೀರಿದ ಹುಳುವಿನಿಂದ ಬಂದ ರಾಣಿಯ ಹಾಗೆ ಕೆಲಸದ ಹುಳಕ್ಕಿಂತ ಚೂರೇ ಉದ್ದ. ಅವಳನ್ನು ಕಂಡ ಕ್ಷಣವೇ ನನಗೆ ಎಲ್ಲ ತಿಳಿಯಿತು. ಅವಳು ನನಗೆ ಕಾಣಿಸಿದ ಹುಳು.

ಹೆಣ್ಣುಮಕ್ಕಳು ಒಬ್ಬರ ಹಿಂದೊಬ್ಬರು ಬಗ್ಗಿ ತೂತುಗಳನ್ನು ನೋಡಿದರು. ಆಮೇಲೆ ನೀಲಮ್ಮಕ್ಕ ಮೆಲ್ಲಗೆ ಕೇಳಿದರು, "ನಾ ತಡದದ್ದಕ್ಕ ಆತೇನ್ರಿ?"

ಇಲ್ಲ ಎನ್ನಬೇಕಿತ್ತು. ಒಂದೇ ಶಬ್ದ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನಾನು ತಲೆ ತಗ್ಗಿಸಿದೆ. ತಗ್ಗಿಸಿದ ತಲೆಯನ್ನು ಅವರೆಲ್ಲ ಹೌದೆಂದು ತಿಳಿದರು. ಯಲಬುರ್ಗಾದ ಕಡೆಯವಳೊಬ್ಬಳು, "ನಿನ್ನ ಶುಕ್ರವಾರ ನಮ್ಮ ಪೆಟ್ಟಿಗಿ ತಿಂತು ನೋಡು ನೀಲಮ್ಮ" ಎಂದು ಎದ್ದು ಹೋದಳು. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ನೀಲಮ್ಮಕ್ಕ ಆ ತೂತು ಬಿದ್ದ ಗೂಡುಗಳನ್ನು ಒಂದೊಂದಾಗಿ ಬಿಡಿಸಿ ಸೆರಗಿನಲ್ಲಿ ಹಾಕಿಕೊಂಡು, ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ನಾನು ಕೈಕಟ್ಟಿ ನಿಂತಿದ್ದೆ. ಮತ್ತೆ ಕಸಿ ಮಾಡಿ ಕಾಯುವಷ್ಟು ಹೊತ್ತು ಉಳಿದಿರಲಿಲ್ಲ, ಆ ಹನ್ನೆರಡರಲ್ಲಿ ಒಂಬತ್ತು ಪೆಟ್ಟಿಗೆಗಳು ಒಂದು ತಿಂಗಳೊಳಗೆ ಬರಿದಾದವು.

ಕುಳ್ಳ ರಾಣಿಯನ್ನು ಬೆಂಕಿಪೆಟ್ಟಿಗೆಯಲ್ಲಿಟ್ಟುಕೊಂಡು ನಾನು ಗಂಗಾವತಿಗೆ ಹೋದೆ. ಖಾದರ್‌ಸಾಬರು ಬೇವಿನ ಕೆಳಗೆ ಕೂತಿದ್ದರು. ಬೆಂಕಿಪೆಟ್ಟಿಗೆ ತೆರೆದು ನಡೆದದ್ದನ್ನು ಹೇಳಿದೆ. ರಾಣಿಯನ್ನು ನೋಡಿದರು, ನನ್ನನ್ನು ನೋಡಿದರು. "ಕಾಣತೈತೇನು ಅಂದ್ರ ಕಾಣತೈತ್ರಿ ಅಂದಿ" ಎಂದರು. ಬೈಯಲಿಲ್ಲ. ತಮ್ಮ ದಾರ ಕಟ್ಟಿದ ಕನ್ನಡಕ ತೆಗೆದು ನನ್ನ ಮೂಗಿನ ಮೇಲಿಟ್ಟು, ಒಂದು ಎರಿಯನ್ನು ಮುಂದೆ ಹಿಡಿದರು.

ಆಗ ನೋಡಿದೆ. ಪ್ರತಿಯೊಂದು ಕಣ್ಣಿನ ತಳದಲ್ಲಿ ಒಂದು ಹನಿ ಹಾಲು, ಆ ಹಾಲಿನ ಮೇಲೆ ಬಿದಿಗೆ ಚಂದ್ರನ ಹಾಗೆ ಬಾಗಿ ಮಲಗಿದ ಕೂಸು. ಹಾಲಿಗೂ ಅದಕ್ಕೂ ಬಣ್ಣದ ಭೇದವಿಲ್ಲ, ಹೊಳಪಿನ ಭೇದ ಮಾತ್ರ. ಎರಿಯನ್ನು ತುಸು ವಾಲಿಸಿದರೆ ನೂರಾರು ಬಾಗಿದ ಬೆನ್ನುಗಳು ಒಮ್ಮೆಲೇ ಬೆಳಗಿ ಮರೆಯಾಗುತ್ತಿದ್ದವು. ಎರಡೂವರೆ ವರ್ಷ ನಾನು ಇವುಗಳನ್ನು ನೋಡದೆಯೇ ಎತ್ತಿದ್ದೆ. ನನಗೆ ಅಳು ಬಂತು, ಕನ್ನಡಕದ ಗಾಜಿಗೆ ಮಂಜು ಕಟ್ಟಿ ಮತ್ತೆ ಎಲ್ಲ ಮಸುಕಾಯಿತು.

"ಆ ಹೆಣ್ಮಗಳಿಗೆ ಹೋಗಿ ಹೇಳು" ಎಂದರು ಖಾದರ್‌ಸಾಬರು.

"ಹೇಳತೀನ್ರಿ" ಎಂದೆ. ಅದು ಅವರಿಗೆ ನಾನು ಹೇಳಿದ ಎರಡನೆಯ ಸುಳ್ಳು.

ಕನ್ನಡಕ ಕೊಂಡೆ. ಯಾರೂ ನನ್ನನ್ನು ಗೇಟು ಕಾಯಲು ಕಳಿಸಲಿಲ್ಲ. ಮುಂದಿನ ಹಂಗಾಮಿನಿಂದ ನನ್ನ ಕಸಿ ಹತ್ತಿದ ಹಾಗೆ ಸುತ್ತಮುತ್ತ ಯಾರದೂ ಹತ್ತಲಿಲ್ಲ. ಹುಂಜದ ಗರಿ ಹೋಗಿ ಉಕ್ಕಿನ ಕಡ್ಡಿ ಬಂತು, ಅದು ಹೋಗಿ ಒತ್ತುಗುಂಡಿಯದು ಬಂತು. ಹಣೆಗೆ ಕಟ್ಟುವ ದೀಪ ಬಂತು. ಒಬ್ಬ ಸಾಹೇಬರು ಶೀತಕ್ಕೆ ಹೆದರಿ ರಾಣಿಗೂಡುಗಳನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗಿಟ್ಟು ಬೇಯಿಸಿದರು, ಇನ್ನೊಬ್ಬರು ರಾಣಿಗೆ ಸಲಾಮು ಹೊಡೆದು ಫೋಟೋ ತೆಗೆಸಿಕೊಂಡರು. ನಗುವ ಪ್ರಸಂಗಗಳು ಬೇಕಾದಷ್ಟಿವೆ. ನೀಲಮ್ಮಕ್ಕನ ಊರಿಗೆ ಹೋದಾಗ ಮಾತ್ರ ನನಗೆ ನಗು ಬರುತ್ತಿರಲಿಲ್ಲ. ಅವರು ಸಂಘದ ಮುಂದಾಳುತನ ಬಿಟ್ಟಿದ್ದರು. ಎರಡು ಪೆಟ್ಟಿಗೆ ಇಟ್ಟುಕೊಂಡಿದ್ದರು, ರಾಣಿ ತಯಾರಿಸಲು ಅವರ ಹೊಲ ಕೇಳಿದರೆ "ನನ್ನ ಕೈ ಛಲೋ ಇಲ್ರಿ, ಬ್ಯಾರೆ ಕಡೆ ನೋಡ್ರಿ" ಎನ್ನುತ್ತಿದ್ದರು. ನನಗೆ ಚಹಾ ಕೊಡುವುದನ್ನು ಮಾತ್ರ ಒಮ್ಮೆಯೂ ತಪ್ಪಿಸಲಿಲ್ಲ. ಪ್ರತಿ ಸಲ ಚಹಾದ ಬಸಿ ಬಾಯಿಗೆ ಹಚ್ಚಿದಾಗ ಇವತ್ತು ಹೇಳಬೇಕು ಎನ್ನಿಸುತ್ತಿತ್ತು. ಬಸಿ ಖಾಲಿಯಾದ ಮೇಲೆ ಇನ್ನೊಮ್ಮೆ ನೋಡೋಣ ಎನ್ನಿಸುತ್ತಿತ್ತು. ಖಾದರ್‌ಸಾಬರು ತೀರಿಕೊಂಡರು. ನಾನು ನಿವೃತ್ತನಾದೆ.

ಹದಿನೇಳು ವರ್ಷ ಹೀಗೆ ಕಳೆಯಿತು. ಹೋದ ವಾರ ಈ ಬರಹ ಮಂಗಳವಾರದ ಕಸಿಯ ತನಕ ಬಂದು ನಿಂತಿತು. ಮುಂದೆ ಬರೆಯಲು ಪೆನ್ನು ಏಳಲಿಲ್ಲ. ಯಾರೋ ಹೊಸಬರಿಗೆ ಹೇಳಲು ಹೊರಟದ್ದನ್ನು ಕೇಳಬೇಕಾದವರು ಇನ್ನೂ ಕೇಳಿರಲಿಲ್ಲ. ಹಾಳೆಗಳನ್ನು ಮಡಚಿ ಜೇಬಿಗಿಟ್ಟುಕೊಂಡು ಬಸ್ಸು ಹತ್ತಿದೆ.

ನೀಲಮ್ಮಕ್ಕ ಅದೇ ಕಟ್ಟೆಯ ಮೇಲೆ ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಳಗೆ ಸೊಸೆ ರೊಟ್ಟಿ ಬಡಿಯುವ ಸದ್ದು. ಬಾಗಿಲ ಪಕ್ಕದಲ್ಲಿ ಒಂದು ಬಟ್ಟೆಯ ಚೀಲ, ಮೇಲೆ ಬುತ್ತಿಯ ಗಂಟು. ಶಾಂತಾ ಬಂದಿದ್ದಳು. ಹಿತ್ತಿಲಲ್ಲಿ ಕೈಕಾಲು ತೊಳೆಯುತ್ತಿದ್ದಳು, ಹನ್ನೊಂದರ ಬಸ್ಸಿಗೆ ಗಿಣಿಗೇರಾಕ್ಕೆ ಹೊರಡುವವಳು.

"ಬರ್ರಿ, ಕುಂದರ್ರಿ. ಚಹಾ ಇಡಸ್ತೀನಿ" ಎಂದು ನೀಲಮ್ಮಕ್ಕ ಏಳಹೋದರು.

"ಮೊದಲು ಒಂದು ಮಾತು ಹೇಳತೀನ್ರಿ ಅಕ್ಕಾರ. ಆಮ್ಯಾಲೆ ಬೇಕಂದ್ರ ಚಹಾ ಕೊಡ್ರಿ" ಎಂದೆ. ಜೇಬಿನ ಹಾಳೆ ತೆಗೆಯಲಿಲ್ಲ. ಬಾಯಿಂದಲೇ ಹೇಳಿದೆ. ಕಣ್ಣು ಕಾಣುತ್ತಿರಲಿಲ್ಲ ಎಂದೆ. ಕಾಣಿಸಿದ ಹುಳು ಎತ್ತಿದೆ ಎಂದೆ. ನೀವು ಒಂದು ದಿನ ತಡೆದದ್ದರಲ್ಲಿ ಯಾವ ದೋಷವೂ ಇರಲಿಲ್ಲ, ಆ ಹದಿಮೂರು ಸತ್ತದ್ದು ನನ್ನಿಂದ, ನೀವು ಕೇಳಿದಾಗ ನಾನು ಹೇಳಲಿಲ್ಲ ಎಂದೆ.

ನೀಲಮ್ಮಕ್ಕ ಗೂಡುಗಳನ್ನು ಮಣ್ಣು ಮಾಡಿದ್ದ ಬದುವಿನ ಕಡೆ ನೋಡಿದರು. ನಾನು ಬೈಗುಳಕ್ಕೆ ತಯಾರಾಗಿ ಕೂತಿದ್ದೆ. ಪೆಟ್ಟಿಗೆಗಳ ಮಾತು ಬಂದೀತು, ಆಡಿಕೊಂಡ ಮಂದಿಯ ಮಾತು ಬಂದೀತು ಎಂದುಕೊಂಡಿದ್ದೆ. ಅವರು ಕೇಳಿದ್ದೇ ಬೇರೆ.

"ಇವತ್ತು ಯಾವ ವಾರ್ರಿ?"

ಹೇಳಿದೆ. ಹೇಳುವಾಗಲೇ ಬಾಗಿಲ ಪಕ್ಕದ ಚೀಲ ನನ್ನ ಕಣ್ಣಿಗೆ ಬಿತ್ತು.

"ಹದಿಮೂರು ಹೆಣ್ಣು ತಡದು ಕೊಂದೆ ಅಂತ ತಿಳಕೊಂಡಿದ್ದೆ" ಎಂದರು. "ಅವತ್ತಿಂದ ಶಾಂತಾನ್ನ ಒಂದ್ ಶುಕ್ರವಾರಾನೂ ತಡದಿಲ್ಲ. ಇರತೀನವ್ವಾ ಅಂತಾಳ, ನಾಳೆ ಹೋಗತೀನಿ ಅಂತಾಳ. ನಾನು ಬ್ಯಾಡ ಅಂತ ಬೆಳಿಗ್ಗೇನ ಬುತ್ತಿ ಕಟ್ಟಿ ಬಸ್ ಹತ್ತಸ್ತೀನಿ. ಬಾಣಂತನಕ್ಕ ಬಂದಾಕೀನೂ ಶುಕ್ರವಾರ ಕಳಿಸೀನಿ. ಹಸಿ ಮೈ ಇತ್ತು ಆಕಿದು. ಅವ್ವಗ ನಾ ಭಾರ ಆಗೇನಿ ಅಂತ ಆಕಿ ತಿಳಕೊಂಡಾಳ. ನಾನೂ ಹೇಳಿಲ್ಲ."

ಹುಳುಗಳ ಲೆಕ್ಕ, ಪೆಟ್ಟಿಗೆಗಳ ಲೆಕ್ಕ ನನಗೆ ಗೊತ್ತಿತ್ತು. ಈ ಶುಕ್ರವಾರಗಳನ್ನು ನಾನು ಯಾವತ್ತೂ ಎಣಿಸಿರಲಿಲ್ಲ.

ಶಾಂತಾ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದಳು. ಅವಳ ತಲೆಯಲ್ಲೂ ಒಂದೆರಡು ಬಿಳಿಗೂದಲು. "ಏನ್ರಿ ಮಾಮಾ, ಭಾಳ ದಿನಕ್ಕ?" ಎಂದು ನಕ್ಕು, ಚೀಲಕ್ಕೆ ಕೈಹಾಕಿದಳು. "ಬರತೀನವ್ವಾ, ಬಸ್ಸಿನ ಹೊತ್ತಾತು."

ನೀಲಮ್ಮಕ್ಕ ಗೋಡೆ ಹಿಡಿದು ಎದ್ದರು. ಮಗಳ ಕೈಯಿಂದ ಚೀಲ ಬಿಡಿಸಿಕೊಂಡರು.

"ಎಲ್ಲಿಗೆ ಹೊಂಟೀ?"

"ಊರಿಗೆ. ನೀನ ಬುತ್ತಿ ಕಟ್ಟೀಯಲ್ಲ?"

"ಇವತ್ತು ಶುಕ್ರವಾರ" ಎಂದರು ನೀಲಮ್ಮಕ್ಕ. "ಶುಕ್ರವಾರ ಯಾರರೆ ಮನಿ ಹೆಣ್ಮಗಳನ್ನ ಕಳಸ್ತಾರೇನು? ನಾಳೆ ಹೋಗು."

ಶಾಂತಾ ತಾಯಿಯ ಮುಖವನ್ನೇ ನೋಡುತ್ತ ನಿಂತಳು. ನೀಲಮ್ಮಕ್ಕ ಚೀಲ ಹಿಡಿದು ಒಳಗೆ ನಡೆದರು, ಅವಳೂ ಹಿಂದೆಯೇ ಹೋದಳು. ನನ್ನ ಚಹಾ ಇಬ್ಬರಿಗೂ ಮರೆತುಹೋಯಿತು. ನಾನು ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕೂತಿದ್ದು, ಒಳಗೆ ಬುತ್ತಿಯ ಗಂಟು ಬಿಚ್ಚಿ ತಟ್ಟೆಗೆ ಹಾಕುವ ಸದ್ದು ಕೇಳಿದ ಮೇಲೆ ಎದ್ದು ಹನ್ನೊಂದರ ಬಸ್ಸಿಗೆ ನಡೆದೆ.